ಗೃಹಕೃತ್ಯವೂ ಅರ್ಥಶಾಸ್ತ್ರವೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮನೆಯ ಆದಾಯವೆಷ್ಟೆಂದು ಕೇಳಿದರೆ ಗೃಹಸ್ಥನು ಹೊಲದ ಹುಟ್ಟುವಳಿಯನ್ನೋ, ಅಂಗಡಿಯ ಲಾಭವನ್ನೋ, ತಿಂಗಳ ಸಂಬಳವನ್ನೋ ಹೇಳುವನು. ನಸುಕಿನಲ್ಲಿಯೇ ಎದ್ದು, ಒಲೆ ಹೊತ್ತಿಸಿ, ನೀರು ತುಂಬಿ, ಮಕ್ಕಳನ್ನೂ ಮುದುಕರನ್ನೂ ನೋಡಿಕೊಂಡವಳ ದುಡಿಮೆಯು ಆ ಲೆಕ್ಕದಲ್ಲಿ ಬರುವುದಿಲ್ಲ. “ಆಕೆ ಮನೆಯಲ್ಲಿಯೇ ಇರುತ್ತಾಳೆ” ಎಂಬ ಒಂದು ಮಾತಿನಲ್ಲಿ ಆಕೆಯ ದಿನವೆಲ್ಲವೂ ಅಡಗಿಹೋಗುವುದು. ಈ ಮರೆವು ಗೃಹಸ್ಥನೊಬ್ಬನದೇ ಅಲ್ಲ. ಪಂಡಿತರದೂ ಸರ್ಕಾರಗಳದೂ ಹೌದು.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನಾದ ಪಿಗೂ ಎಂಬಾತನು ಈ ಲೆಕ್ಕದ ವೈಚಿತ್ರ್ಯವನ್ನು ಒಂದು ದೃಷ್ಟಾಂತದಿಂದ ತೋರಿಸಿದನು. ಒಬ್ಬನು ಸಂಬಳ ಕೊಟ್ಟು ಅಡಿಗೆಯವಳನ್ನು ಇಟ್ಟುಕೊಂಡರೆ ಆಕೆಯ ಕೆಲಸವು ದೇಶದ ಆದಾಯದಲ್ಲಿ ಸೇರುವುದು. ಅವನು ಆಕೆಯನ್ನೇ ಮದುವೆಯಾದರೆ, ಅದೇ ಒಲೆ, ಅದೇ ಅನ್ನ, ಅದೇ ಕೈ ಇದ್ದರೂ, ದೇಶದ ಆದಾಯವು ಕಡಿಮೆಯಾಗುವುದು! ಮುಂದೆ ೧೯೩೪ರಲ್ಲಿ ಅಮೆರಿಕದಲ್ಲಿ ಅಧ್ಯಾಪಕಿಯಾಗಿದ್ದ ಮಾರ್ಗರೆಟ್ ರೀಡ್ ಎಂಬ ವಿದುಷಿಯು ಗೃಹೋತ್ಪಾದನೆಯನ್ನು ಕುರಿತು ಗ್ರಂಥವನ್ನು ರಚಿಸಿ ಸುಲಭವಾದ ಒರೆಗಲ್ಲೊಂದನ್ನು ಕೊಟ್ಟಳು. ಹಣ ಕೊಟ್ಟು ಪರರಿಂದ ಮಾಡಿಸಬಹುದಾದ ಕೆಲಸವನ್ನು ಮನೆಯವರೇ ಮಾಡಿದರೆ ಅದೂ ಉತ್ಪಾದನೆಯೇ. ಅಡಿಗೆಯನ್ನು ಪರರಿಂದ ಮಾಡಿಸಬಹುದು, ಊಟವನ್ನು ಮಾಡಿಸಲಾಗದು. ಆದುದರಿಂದ ಅಡಿಗೆಯು ದುಡಿಮೆ, ಊಟವು ಭೋಗ.

೨೦೨೩ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಲಾಡಿಯಾ ಗೋಲ್ಡಿನ್ ಅವರು ಅಮೆರಿಕದ ಇನ್ನೂರು ವರ್ಷಗಳ ದಾಖಲೆಗಳನ್ನು ಶೋಧಿಸಿದರು. ಹಳೆಯ ಜನಗಣತಿಗಳಲ್ಲಿ ವಿವಾಹಿತೆಯ ವೃತ್ತಿಯ ಸ್ಥಾನದಲ್ಲಿ ಅನೇಕ ವೇಳೆ “ಪತ್ನಿ” ಎಂದಷ್ಟೇ ಬರೆಯಲಾಗಿದ್ದಿತು. ಆಕೆ ಗಂಡನೊಡನೆ ಹೊಲದಲ್ಲಿ ದುಡಿದಿದ್ದರೂ, ಮನೆಯಲ್ಲಿ ಕುಳಿತು ನೇಯ್ದಿದ್ದರೂ ಅದು ಕಾಣಿಸದು. ಇನ್ನೊಂದು ವಿಷಯವನ್ನೂ ಅವರು ತೋರಿಸಿದರು: ಸಮಾನ ವಿದ್ಯೆಯ ಸ್ತ್ರೀಪುರುಷರ ಸಂಪಾದನೆಯು ಆರಂಭದಲ್ಲಿ ಬಹುಮಟ್ಟಿಗೆ ಸಮನಾಗಿದ್ದು, ಮಗು ಹುಟ್ಟಿದ ತರುವಾಯ ತಾಯಿಯದು ಹಿಂದೆ ಬೀಳುವುದು. ಹೊತ್ತುಗೊತ್ತಿಲ್ಲದೆ ದುಡಿಯಬಲ್ಲವನಿಗೆ ಹೆಚ್ಚು ಹಣ ಕೊಡುವ ಉದ್ಯೋಗಗಳಲ್ಲಿ, ಮನೆಯ ಕರೆಗೆ ಓಗೊಡಬೇಕಾದವರು ನಷ್ಟಪಡುವರು. ಹಾಗೆ ಓಗೊಡುವವಳು ಪ್ರಾಯಶಃ ತಾಯಿಯೇ.

ಭರತಖಂಡದ ಸ್ಥಿತಿಯೂ ಇದಕ್ಕೆ ಹೊರತಲ್ಲ. ೨೦೧೧ರ ಜನಗಣತಿಯು ಗೃಹಕೃತ್ಯದಲ್ಲಿಯೇ ತೊಡಗಿದವರನ್ನು “ಕೆಲಸವಿಲ್ಲದವರ” ಗುಂಪಿನಲ್ಲಿ ಸೇರಿಸಿತು. ಆದರೆ ೨೦೧೯ರಲ್ಲಿ ಭಾರತ ಸರ್ಕಾರವು ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಸ್ತ್ರೀಯರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಪುರುಷರು ೯೭ ನಿಮಿಷಗಳನ್ನೂ ಅದಕ್ಕೆ ವ್ಯಯಿಸುವರೆಂದು ಕಂಡುಬಂದಿತು. ಅಂತಹ ಕೆಲಸಕ್ಕೆ ಕೈಹಚ್ಚಿದ ಪುರುಷರಾದರೂ ನೂರಕ್ಕೆ ಇಪ್ಪತ್ತಾರು ಮಂದಿ ಮಾತ್ರ. ಸ್ತ್ರೀಯರು ಎಂಬತ್ತೊಂದು ಮಂದಿ. ದಿನಕ್ಕೆ ಐದು ಗಂಟೆ ದುಡಿದವಳು ಕೆಲಸವಿಲ್ಲದವಳು ಹೇಗಾದಾಳು?

“ಪ್ರೀತಿಯಿಂದ ಮಾಡಿದುದಕ್ಕೆ ಬೆಲೆ ಕಟ್ಟುವುದು ಉಚಿತವೇ?” ಎಂದು ಕೆಲವರು ಆಕ್ಷೇಪಿಸಬಹುದು. ಬೆಲೆ ಕಟ್ಟುವುದು ಬೇರೆ, ಲೆಕ್ಕವಿಡುವುದು ಬೇರೆ. ಹೊರೆಯ ತೂಕವನ್ನು ತಿಳಿಯುವುದು ಮಾರುವುದಕ್ಕಲ್ಲ, ಹೊತ್ತವರಿಗೆ ಹೆಗಲು ಕೊಡುವುದಕ್ಕೆ.

ಶರಣಪರಂಪರೆಯಲ್ಲಿ ಇದು ಹೊಸ ಮಾತಲ್ಲ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ತಿಳಿಯಹೇಳಿದವರು ಅವರ ಧರ್ಮಪತ್ನಿ ಲಕ್ಕಮ್ಮನವರು. ಆ ಮನೆಯಲ್ಲಿ ತರುವವರು ಒಬ್ಬರಾದರೆ ಅಳೆಯುವವರು ಮತ್ತೊಬ್ಬರು. ಕಾಯಕವು ಇಬ್ಬರದೂ, ವಿವೇಕವೂ ಇಬ್ಬರದು.

ದಾಸೋಹಕ್ಕೆ ಅಕ್ಕಿಯನ್ನು ಅರ್ಪಿಸಿದವನ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದು ವಾಡಿಕೆ. ಆ ಅಕ್ಕಿಯಲ್ಲಿ ಕಲ್ಲನ್ನು ಆರಿಸಿದವಳ ಹೆಸರು ಯಾವ ಪುಸ್ತಕದಲ್ಲಿದೆ? ಇಂದು ಮನೆಗೆ ಹಿಂದಿರುಗುವ ಪ್ರತಿಯೊಬ್ಬ ಗೃಹಸ್ಥನೂ ಈ ಪ್ರಶ್ನೆಯನ್ನು ತನ್ನ ಹೊಸಿಲಿನಲ್ಲಿ ನಿಂತು ಕೇಳಿಕೊಳ್ಳಲಿ. ಕೇಳಿಕೊಂಡು, ಒಳಗೆ ಹೋಗಿ ಒಂದು ಕೊಡ ನೀರನ್ನಾದರೂ ಎತ್ತಿಡಲಿ. ಈ ಮಹೋತ್ಸವವು ಆಗ ಸಾರ್ಥಕವಾಗುವುದು.