ತಡವಾಗಿ ನಡೆಯುವ ಮಗು: ಎಲ್ಲಿಯವರೆಗೆ ಕಾಯೋಣ?



ಹಳ್ಳಿಯಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ವರ್ಷ ತುಂಬಿದರೂ ಮಗು ಕುಳಿತುಕೊಳ್ಳದಿದ್ದರೆ, ‘ಅದರ ತಂದೆಯೂ ಹಾಗೆಯೇ ಇದ್ದ, ತಾನಾಗಿ ಸರಿಹೋಗುತ್ತದೆ’ ಎಂದು ನಾವು ಸಮಾಧಾನ ಹೇಳಿಬಿಡುತ್ತೇವೆ. ಕೆಲವೊಮ್ಮೆ ಈ ಸಮಾಧಾನವೇ ಮಗುವಿಗೆ ಮುಳುವಾಗುತ್ತದೆ.

ಎಲ್ಲ ಮಕ್ಕಳೂ ಒಂದೇ ವಯಸ್ಸಿನಲ್ಲಿ ನಡೆಯುವುದಿಲ್ಲ, ನಿಜ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ 5 ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಕ್ಕಳು ಸುಮಾರು 4ರಿಂದ 9 ತಿಂಗಳೊಳಗೆ ಆಸರೆಯಿಲ್ಲದೆ ಕುಳಿತುಕೊಳ್ಳುತ್ತಾರೆ. 8ರಿಂದ 18 ತಿಂಗಳೊಳಗೆ ಸ್ವತಂತ್ರವಾಗಿ ನಡೆಯುತ್ತಾರೆ. ಕೆಲವರು ಅಂಬೆಗಾಲಿಡದೆಯೇ ನಡೆಯುವುದೂ ಉಂಟು. ಆದರೆ ಈ ಮೇರೆ ಮೀರಿದ ಮೇಲೂ ಕಾಯುವುದು ತಾಳ್ಮೆಯಲ್ಲ, ನಿರ್ಲಕ್ಷ್ಯ.

ಅವಧಿಗೆ ಮುನ್ನ ಜನನ, ಕಡಿಮೆ ತೂಕ, ಹೆರಿಗೆಯ ವೇಳೆ ಉಸಿರುಗಟ್ಟುವಿಕೆ, ತೀವ್ರ ಕಾಮಾಲೆ, ಅಪೌಷ್ಟಿಕತೆ - ಇವೆಲ್ಲ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲವು. ಆಸ್ಪತ್ರೆ ದೂರವಿರುವ ಹಳ್ಳಿಗಳಲ್ಲಿ ಇವುಗಳ ಪರಿಣಾಮ ಗಮನಕ್ಕೆ ಬರುವುದೇ ತಡವಾಗಿ. ಅಷ್ಟರಲ್ಲಿ ತಪ್ಪನ್ನು ಸೊಸೆಯ ಮೇಲೆ ಹೊರಿಸಿಯಾಗಿರುತ್ತದೆ. ಇದು ಅನ್ಯಾಯವಷ್ಟೇ ಅಲ್ಲ, ಚಿಕಿತ್ಸೆಯ ಅಮೂಲ್ಯ ಸಮಯವನ್ನೂ ಕಸಿದುಕೊಳ್ಳುತ್ತದೆ. ಮೆದುಳು ವೇಗವಾಗಿ ಬೆಳೆಯುವ ಮೊದಲ ವರ್ಷಗಳಲ್ಲೇ ವ್ಯಾಯಾಮ ಚಿಕಿತ್ಸೆ ಆರಂಭವಾದರೆ ಮಗುವಿಗೆ ಹೆಚ್ಚು ಪ್ರಯೋಜನ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ಮಕ್ಕಳ ತಪಾಸಣೆ ಉಚಿತ. ಪಟ್ಟಣದಲ್ಲಿರುವ ನಮಗೆ ವೈದ್ಯರ ಪರಿಚಯವಿದೆ, ಪ್ರಯಾಣಕ್ಕೆ ಅನುಕೂಲವಿದೆ. ಊರಿನ ಮಗುವನ್ನು ತಪಾಸಣೆಗೆ ಕರೆದೊಯ್ಯುವುದು, ಅದರ ತಾಯಿಗೆ ಧೈರ್ಯ ತುಂಬುವುದು ನಮ್ಮ ಹೊಣೆಯಲ್ಲವೇ?