ಆರೋಗ್ಯವಂತ ಲಿವರ್‌ಗೂ ಬರುವ ಕ್ಯಾನ್ಸರ್

ನಾನು ಡಾಕ್ಟರಲ್ಲ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. ಆದರೂ ಈ ವಿಷಯ ಆರಿಸಿಕೊಂಡಿದ್ದು ಎಲಾನಾ ಸೈಮನ್ ಎಂಬ ಅಮೆರಿಕದ ಹುಡುಗಿಯಿಂದಾಗಿ.

ಅವಳಿಗೆ ಬಹಳ ದಿನಗಳಿಂದ ಹೊಟ್ಟೆನೋವು. ಹಾಲು ಒಗ್ಗುತ್ತಿಲ್ಲ ಎಂದರು, ಸ್ಟ್ರೆಸ್ ಎಂದರು. ನಮ್ಮ ಮನೆಗಳಲ್ಲಾದರೆ "ಮುಟ್ಟಿನ ನೋವಿರಬೇಕು, ಹೋಗತ್ತೆ ಬಿಡು" ಅಂತಿದ್ವೇನೋ! ಕೊನೆಗೆ 12ನೇ ವಯಸ್ಸಿನಲ್ಲಿ ಗೊತ್ತಾಯಿತು, ಅದು ಫೈಬ್ರೊಲ್ಯಾಮೆಲ್ಲರ್ ಕಾರ್ಸಿನೋಮ ಎಂಬ ಅಪರೂಪದ ಲಿವರ್ ಕ್ಯಾನ್ಸರ್.

ಲಿವರ್ ಕ್ಯಾನ್ಸರ್ ಎಂದ ತಕ್ಷಣ ನಮಗೆ ಕುಡಿತ, ಹೆಪಟೈಟಿಸ್, ಸಿರೋಸಿಸ್ ನೆನಪಾಗುತ್ತವೆ. ಇದು ಹಾಗಲ್ಲ. ಹೆಚ್ಚಾಗಿ ಹದಿಹರೆಯದವರಲ್ಲಿ, ಯುವಜನರಲ್ಲಿ, ಯಾವ ತೊಂದರೆಯೂ ಇಲ್ಲದ ಲಿವರ್‌ನಲ್ಲಿ ಬೆಳೆಯುತ್ತದೆ. ಲಿವರ್ ಕ್ಯಾನ್ಸರ್‌ಗೆಂದು ಮಾಡುವ ಎಎಫ್‌ಪಿ ರಕ್ತಪರೀಕ್ಷೆ ಇವರಲ್ಲಿ ಬಹುಪಾಲು ನಾರ್ಮಲ್ಲೇ ಬರುತ್ತದೆ. ರಿಪೋರ್ಟ್ ಚೆನ್ನಾಗಿದೆ ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ. ಗಡ್ಡೆ ಕಾಣುವುದು ಸ್ಕ್ಯಾನ್‌ನಲ್ಲಿ. ಅಲ್ಲೂ ಒಂದು ತೊಡಕಿದೆ. ಗಡ್ಡೆಯ ನಡುವೆ ಗಾಯದ ಕಲೆಯಂಥ ಗುರುತಿರುತ್ತದೆ. ಯುವತಿಯರಲ್ಲಿ ಕಾಣುವ, ಕ್ಯಾನ್ಸರ್ ಅಲ್ಲದ ಎಫ್‌ಎನ್‌ಎಚ್ ಎಂಬ ಗಡ್ಡೆಯಲ್ಲೂ ಅಂಥದೇ ಕಲೆ. ಎರಡನ್ನೂ ಬೇರ್ಪಡಿಸಲು ಅನುಭವಿ ಕಣ್ಣು ಬೇಕು, ಅನುಮಾನವಿದ್ದರೆ ಬಯಾಪ್ಸಿ.

ಎಲಾನಾಗೆ ಆಪರೇಷನ್ ಆಗಿ ಗುಣವಾಯಿತು. ಆಮೇಲೆ ಮಾಡಿದ್ದು ನನ್ನಂಥವರಿಗೆ ರೋಮಾಂಚನ. ಹೈಸ್ಕೂಲಿನಲ್ಲಿದ್ದಾಗಲೇ, ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿದ್ದ ತಂದೆಯ ಪ್ರಯೋಗಾಲಯ ಸೇರಿ, ತನ್ನಂಥದೇ ರೋಗಿಗಳ ಗಡ್ಡೆಯ ಜೀನ್‌ಗಳನ್ನೂ ಅವರ ಆರೋಗ್ಯವಂತ ಅಂಗಾಂಶದ ಜೀನ್‌ಗಳನ್ನೂ ಹೋಲಿಸುವ ಕೆಲಸದಲ್ಲಿ ತೊಡಗಿದಳು. ನಾವು ಎರಡು ಕೋಡ್ ಫೈಲ್ ಪಕ್ಕಪಕ್ಕ ಇಟ್ಟು ಬಗ್ ಹುಡುಕುತ್ತೇವಲ್ಲ, ಹಾಗೆ. ಪರೀಕ್ಷಿಸಿದ 15 ರೋಗಿಗಳ ಗಡ್ಡೆಗಳಲ್ಲೂ ಒಂದೇ ದೋಷ! 19ನೇ ಕ್ರೋಮೋಸೋಮಿನಲ್ಲಿ ಸುಮಾರು 4 ಲಕ್ಷ ಅಕ್ಷರಗಳಷ್ಟು ಡಿಎನ್‌ಎ ಕಳಚಿಹೋಗಿ, ದೂರವಿದ್ದ ಎರಡು ಜೀನ್‌ಗಳು ಬೆಸೆದುಕೊಂಡಿದ್ದವು. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಅವಳಿಗೆ 18.

ಚಿಕಿತ್ಸೆ ಮಾತ್ರ ಇನ್ನೂ ಅಷ್ಟು ಮುಂದೆ ಹೋಗಿಲ್ಲ. ಗಡ್ಡೆಯನ್ನು ಪೂರ್ತಿ ಕತ್ತರಿಸಿ ತೆಗೆಯುವುದೇ ಗುಣವಾಗುವ ಮುಖ್ಯ ದಾರಿ. ಮಾಮೂಲಿ ಕೀಮೋ ಮೇಲೆ ಹೆಚ್ಚು ಭರವಸೆ ಇಡಲಾಗದು. ತೆಗೆದ ಮೇಲೂ ಮರುಕಳಿಸುವುದು ಸಾಮಾನ್ಯವಾದ್ದರಿಂದ ವರ್ಷಗಟ್ಟಲೆ ಸ್ಕ್ಯಾನ್ ತಪ್ಪದು. ಈಗ ಬಯಾಪ್ಸಿಯ ತುಣುಕಿನಲ್ಲಿ ಆ ಬೆಸುಗೆ ಜೀನ್ ಇದೆಯೇ ಎಂದು ನೋಡಬಹುದು. ನಮ್ಮ ಪೈಕಿ ಯಾರ ಮಗಳಿಗೋ ತಮ್ಮನಿಗೋ ಲಿವರ್‌ನಲ್ಲಿ ಗಡ್ಡೆ ಎಂದರೆ, ಈ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಕೇಳಲು ಸಂಕೋಚ ಬೇಡ.