ಹೆಸರಲ್ಲಿ ಪೊಲೀಸ್ ಇದ್ದರೆ ಸಾಕಾ? ಹಳೆ ಪಿಸ್ತೂಲಿನ ಮುದ್ರೆ ಓದೋದು ಹೇಗೆ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹಗಲು ಕೋಡ್‌ನಲ್ಲಿ ಬಗ್ ಹುಡುಕ್ತೀನಿ. ರಾತ್ರಿ ಹಳೆ ಪೊಲೀಸ್ ಪಿಸ್ತೂಲುಗಳ ಫೋಟೋ ದೊಡ್ಡದು ಮಾಡಿ, ಅದರ ಮೇಲಿನ ಮುದ್ರೆಗಳನ್ನ ಓದ್ತೀನಿ. ಮೊದಲೇ ಹೇಳ್ಬಿಡ್ತೀನಿ, ನನ್ನ ಹತ್ರ ಒಂದು ಪಿಸ್ತೂಲೂ ಇಲ್ಲ. ಇವತ್ತು ಹೇಳೋದು ನಾನು ಮಾಡಿದ ಒಂದು ತಪ್ಪಿನ ಕಥೆ.

ಇಂಗ್ಲೆಂಡಿನಲ್ಲಿ ಆನ್‌ಸೈಟ್ ಇದ್ದ ನನ್ನ ಹಳೆ ರೂಮ್‌ಮೇಟ್ ಒಂದು ರಾತ್ರಿ ರಿವಾಲ್ವರಿನ ಎರಡು ಫೋಟೋ ಕಳಿಸಿದ. "ಐರಿಶ್ ಪೊಲೀಸರದ್ದಂತೆ ಕಣೋ, ತಗೊಳ್ಲಾ?" ಅಂತ ಕೇಳಿದ. ಮೇಲೆ ಆರ್.ಐ.ಸಿ. ಅನ್ನೋ ಅಕ್ಷರಗಳಿದ್ದವು. ರಾಯಲ್ ಐರಿಶ್ ಕಾನ್‌ಸ್ಟ್ಯಾಬ್ಯುಲರಿ ಅಂದ್ರೆ ಬ್ರಿಟಿಷ್ ಆಳ್ವಿಕೆಯ ಐರ್ಲೆಂಡಿನ ಪೊಲೀಸ್ ದಳ. 1868ರಲ್ಲಿ ಅವರು ಬರ್ಮಿಂಗ್‌ಹ್ಯಾಮಿನ ವೆಬ್ಲಿ ರಿವಾಲ್ವರ್ ಆರಿಸಿಕೊಂಡರು. 1922ರಲ್ಲಿ ದಳವೇ ವಿಸರ್ಜನೆ ಆಯ್ತು. ಎಲ್ಲ ತಾಳೆ ಆಗ್ತಿದೆ ಅನ್ನಿಸ್ತು. "ತಗೋ" ಅಂದೆ. ಎರಡು ತಿಂಗಳ ಉಳಿತಾಯ ಸುರಿದ.

ಕೈಗೆ ಬಂದ ಮೇಲೆ ಸಿಲಿಂಡರಿನ ಫೋಟೋ ಕಳಿಸಿದ. ಅದರ ಮೇಲೆ ಮೊಟ್ಟೆಯಾಕಾರದ ಚಿಕ್ಕ ಮುದ್ರೆ, ಒಳಗೆ ಇ, ಎಲ್, ಜಿ ಅಕ್ಷರಗಳು ಮತ್ತೆ ಒಂದು ನಕ್ಷತ್ರ. ನನಗೆ ಎದೆ ಧಸಕ್ ಅಂತು. ಅದು ಬೆಲ್ಜಿಯಂನ ಲಿಯೇಜ್ ಊರಿನ ಪರೀಕ್ಷಾ ಮುದ್ರೆ. ವೆಬ್ಲಿ ರಿವಾಲ್ವರಿನ ನಕಲುಗಳು ಅಲ್ಲಿ ಬೇಕಾದಷ್ಟು ತಯಾರಾಗ್ತಿದ್ದವು.

ನಾನು ಎಡವಿದ್ದೆಲ್ಲಿ? ಹೆಸರನ್ನ ಸಾಕ್ಷಿ ಅಂದುಕೊಂಡೆ. ಆರ್.ಐ.ಸಿ. ಅನ್ನೋದು ಪೊಲೀಸ್ ದಳದ ಹೆಸರು ಹೌದು, ಆದರೆ ವೆಬ್ಲಿಯವರು ಅದನ್ನೇ ಮಾಡೆಲ್ ಹೆಸರಾಗಿ ಇಟ್ಟು ಜನಸಾಮಾನ್ಯರಿಗೂ ಮಾರಿದರು. ಅಮೆರಿಕದ ಕೋಲ್ಟ್ ಪೊಲೀಸ್ ಪಾಸಿಟಿವ್ ಕೂಡ ಹಾಗೇ. 1929ರಲ್ಲಿ ಬಂದ ಜರ್ಮನಿಯ ವಾಲ್ಟರ್ ಪಿಪಿಯ ಪೂರ್ತಿ ಹೆಸರೇ ಪೊಲೀಸ್ ಪಿಸ್ತೂಲು ಅಂತ. ಅದನ್ನೂ ಸಾಮಾನ್ಯ ಜನ ಕೊಂಡರು. ವೇರಿಯಬಲ್‌ಗೆ 'ವ್ಯಾಲಿಡ್' ಅಂತ ಹೆಸರಿಟ್ಟ ಮಾತ್ರಕ್ಕೆ ಒಳಗಿನ ಡೇಟಾ ಸರಿಯಾಗಿಬಿಡುತ್ತಾ?

ಹಾಗಾಗಿ ಈಗ ನಾನು ಮೂರು ಪ್ರಶ್ನೆಗಳನ್ನ ಬೇರೆ ಬೇರೆಯಾಗಿ ಕೇಳ್ತೀನಿ.

ಒಂದು, ಇದು ಯಾವ ಮಾಡೆಲ್? ಅದನ್ನ ಹೆಸರು ಹೇಳುತ್ತೆ, ಅಷ್ಟೇ.

ಎರಡು, ಇದನ್ನ ಪರೀಕ್ಷೆ ಮಾಡಿದ್ದು ಎಲ್ಲಿ, ಯಾವಾಗ? ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಸಿಡಿಯದಿದ್ದರೆ ಮುದ್ರೆ ಒತ್ತುತ್ತಿದ್ದರು. ಲಿಯೇಜ್ ಮುದ್ರೆಯ ತಲೆ ಮೇಲೆ ಕಿರೀಟ ಸೇರಿದ್ದು 1893ರಲ್ಲಿ. ಕಿರೀಟ ಇಲ್ಲದಿದ್ದರೆ ಅದಕ್ಕಿಂತ ಹಳೆಯದು. ಬರ್ಮಿಂಗ್‌ಹ್ಯಾಮಿನಲ್ಲಿ 1904ರವರೆಗೆ ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡ. ಆಮೇಲೆ ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ತರಹದ ಅಕ್ಷರಗಳು.

ಮೂರು, ಇದು ಯಾರ ಆಸ್ತಿಯಾಗಿತ್ತು? ಆರ್.ಐ.ಸಿ. ಅಕ್ಷರಗಳ ಮೇಲೆ ಕಿರೀಟ, ಜೊತೆಗೆ ದಳ ಕೊಟ್ಟ ನಂಬರ್ ಇದ್ದರೆ ಮಾತ್ರ ಪೊಲೀಸ್ ಕೈಗೆ ಹೋಗಿತ್ತು ಅನ್ನೋಕೆ ಆಧಾರ.

ಈ ಮೂರೂ ಉತ್ತರ ಒಂದಕ್ಕೊಂದು ಹೊಂದಬೇಕು. ಪೊಲೀಸ್ ಮುದ್ರೆಗೆ ಬೆಲೆ ಜಾಸ್ತಿ, ಆದ್ದರಿಂದ ಹೊಸದಾಗಿ ಒತ್ತೋರೂ ಇದ್ದಾರೆ. ಸುತ್ತಲಿನ ಲೋಹ ಸವೆದು ನುಣುಪಾಗಿದ್ದು, ಅಕ್ಷರದ ಅಂಚು ಮಾತ್ರ ಚೂಪಾಗಿದ್ದರೆ ಅನುಮಾನ ಪಡಿ. ಫೋಟೋ ನೋಡಿ ಹೇಳೋದಾದ್ರೆ ಎಲ್ಲ ಕಡೆಯ ಫೋಟೋ ಕೇಳಿ. ನಾನು ಕೇಳಲಿಲ್ಲ.

ಇನ್ನೊಂದು ಮಾತು. ಊರಲ್ಲಿ ಅಜ್ಜನ ಟ್ರಂಕಿನಲ್ಲಿ ಇಂಥದ್ದೇನಾದರೂ ಸಿಕ್ಕರೆ, ಗುಂಡು ಇದೆಯೋ ಇಲ್ಲವೋ ಅಂತ ನೀವೇ ತೆರೆದು ನೋಡಬೇಡಿ. ತುಕ್ಕು ತೆಗೀತೀನಿ ಅಂತ ಉಜ್ಜಿದರೆ ಮುದ್ರೆಯೂ ಹೋಗುತ್ತೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಹಳೆಯದು, ಲೈಸೆನ್ಸ್ ಬೇಡ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಬೇಡಿ. ಪೊಲೀಸ್ ಠಾಣೆಗೆ ತಿಳಿಸಿ.

ಗೆಳೆಯನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅರ್ಧ ದುಡ್ಡು ನಾನು ಕೊಡ್ತೀನಿ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಬೇಡ ಮಾರಾಯ, ಮುಂದಿನ ಸಲ ಗೊತ್ತಿಲ್ಲ ಅನ್ನೋದನ್ನ ಕಲಿ" ಅಂದ. ಮುದ್ರೆ ಓದೋಕೆ ಕಲಿತದ್ದು ಅವತ್ತಿನಿಂದಲೇ.